ನಾಯಕನಿಲ್ಲದ ಮೂವತ್ತೊಂದು ಆಟ

ಫೆಬ್ರವರಿ ೩, ೨೦೧೭, ಶುಕ್ರವಾರ

೧೯೬೭ರ ಜನವರಿ ೧೯, ಗುರುವಾರ. ಸ್ಪ್ರೂಸ್ ಲ್ಯಾಂಡಿಂಗ್ ಊರಿನ ಹೆರನ್ಸ್ ಐಸ್ ಹಾಕಿ ತಂಡದ ಮಾಲೀಕ ಹಾರ್ಲನ್ ಪೆನ್‌ಹ್ಯಾಲೊ ಅಂದು ತನ್ನ ನಾಯಕ ಓವಿಲಾ ಗ್ರಾನ್‌ಬ್ವಾನ ಅಂಗಿಯ ಎದೆಯಿಂದ, ಕ್ಯಾಪ್ಟನ್ ಎಂಬುದರ ಗುರುತಾದ ‘ಸಿ’ ಅಕ್ಷರವನ್ನು ಬ್ಲೇಡಿನಿಂದ ಹೊಲಿಗೆ ಬಿಡಿಸಿ ತೆಗೆಸಿದ. ಇವತ್ತು, ಐವತ್ತು ವರ್ಷ ಹದಿನೈದು ದಿನಗಳ ನಂತರ, ಪೆನ್‌ಹ್ಯಾಲೊನ ಮೊಮ್ಮಗ, ತಂಡದ ಈಗಿನ ಅಧ್ಯಕ್ಷ ಗ್ರಾಂಟ್ ಆ ಇಡೀ ವರ್ಷವನ್ನೇ ಕಿತ್ತು ಹಾಕಿದ್ದಾನೆ.

ಪತ್ರಿಕೆಯ ಜೊತೆ ಎಂಟು ಪುಟದ ಪುರವಣಿ ಬಂದಿದೆ. ತಂಡಕ್ಕೆ ಎಪ್ಪತ್ತು ತುಂಬಿತಂತೆ. ಮಾರ್ಚ್ ೧೧ರಂದು ಐಸ್ ಅರಮನೆ ಕ್ರೀಡಾಂಗಣದ ಬಾಗಿಲಲ್ಲಿ ಹಿತ್ತಾಳೆಯ ಹಲಗೆ ನಿಲ್ಲಿಸುತ್ತಾರಂತೆ, ಎಲ್ಲ ನಾಯಕರ ಹೆಸರು, ವರ್ಷ, ಆಡಿದ ಆಟ ಕೆತ್ತಿಸಿ. ಅದರ ಮಾದರಿಯನ್ನು ಮೂರನೆಯ ಪುಟದಲ್ಲಿ ಅಚ್ಚು ಹಾಕಿದ್ದಾರೆ. ೧೯೬೩ರಿಂದ ೬೬: ಓ. ಗ್ರಾನ್‌ಬ್ವಾ, ೨೦೪ ಆಟ. ಅದರ ಕೆಳಗಿನ ಸಾಲು: ೧೯೬೬–೬೭, ನಾಯಕನಿಲ್ಲ.

ನಾಯಕನಿಲ್ಲ! ಹಾಗಾದರೆ ಆ ಅಕ್ಟೋಬರಿನಿಂದ ಜನವರಿಯವರೆಗೆ ರೆಫರಿಯ ಮುಂದೆ ಹೋಗಿ ನಿಂತು ಮಾತಾಡುತ್ತಿದ್ದವನು ಯಾರು, ದೆವ್ವವೇ? ಆ ಋತುವಿನಲ್ಲಿ ಅವನು ಮೂವತ್ತೊಂಬತ್ತು ಆಟಕ್ಕೆ ನಾಯಕನಾಗಿದ್ದ. ೨೦೪ಕ್ಕೆ ೩೯ ಸೇರಿದರೆ ೨೪೩. ಆದರೆ ಹಲಗೆಯ ಪ್ರಕಾರ ಅತಿ ಹೆಚ್ಚು ಆಟಕ್ಕೆ ನಾಯಕನಾದವನು ಎಂಬತ್ತರ ದಶಕದ ಕ್ಲೈವ್ ಹಟ್ಟನ್, ೨೩೧. ಮಾರ್ಚ್ ೧೧ರಂದು ಈಗಿನ ನಾಯಕ ಕೋಲ್ ವಯ್ಟೋವಿಚ್ ೨೩೨ನೆಯ ಆಟಕ್ಕಿಳಿದು ಆ ದಾಖಲೆ ಮುರಿಯುತ್ತಾನಂತೆ. ಬಲೂನು, ಬ್ಯಾಂಡು, ಎಲ್ಲ ನಿಗದಿಯಾಗಿದೆ.

ನನಗೆ ಎಪ್ಪತ್ತೈದು. ಸ್ಮರಣೆ ಇನ್ನೂ ಕೈಕೊಟ್ಟಿಲ್ಲ. ಆ ಋತುವಿನ ಎಪ್ಪತ್ತು ಆಟಕ್ಕೂ ತಂಡದ ಬರಹಗಾರನಾಗಿ ಕೂತಿದ್ದವನು ನಾನು. ಯಾರು ಗೋಲು ಹೊಡೆದ, ಯಾರು ಶಿಕ್ಷೆ ಅನುಭವಿಸಿದ, ಯಾರ ಎದೆಯ ಮೇಲೆ ಯಾವ ಅಕ್ಷರವಿತ್ತು, ಎಲ್ಲ ನನ್ನ ಕೈಯಲ್ಲೇ ಬರೆದದ್ದು. ಅವರು ಯಾರನ್ನು ಬೇಕಾದರೂ ಏಮಾರಿಸಲಿ, ನನ್ನನ್ನು ಸಾಧ್ಯವಿಲ್ಲ. ಸೋಮವಾರವೇ ಹೋಗುತ್ತೇನೆ.

ಫೆಬ್ರವರಿ ೬, ಸೋಮವಾರ

ಮೈನಸ್ ಮೂವತ್ತೊಂದು ಡಿಗ್ರಿ. ತಂಡದ ಕಚೇರಿಗೆ ನಡೆದೇ ಹೋದೆ. ಕೋಪವಿದ್ದರೆ ಕೋಟು ಬೇಕಾಗುವುದಿಲ್ಲ.

ತಂಡದ ದಾಖಲೆ ನೋಡಿಕೊಳ್ಳುವವಳು ಬ್ರೆನಾ ಕೊಸ್ಟಿಯುಕ್. ಪ್ರೌಢಶಾಲೆಯಲ್ಲಿ ನನ್ನ ಇತಿಹಾಸದ ತರಗತಿಯಲ್ಲಿದ್ದಳು.

“ಬನ್ನಿ ಮೇಷ್ಟ್ರೇ, ಬೂಟಿನ ಹಿಮ ಕೊಡವಿ. ನಿಮ್ಮ ಮುಖ ನೋಡಿದ್ರೆ ನನ್ನ ಮತ್ತೆ ಫೇಲ್ ಮಾಡೋಕೆ ಬಂದ ಹಾಗಿದೆ.”

“ಮೂರನೇ ಪುಟ ಮಾಡಿದ್ದು ಯಾರು?”

“ನಾನೇ.”

“ಹಾಗಾದ್ರೆ ಫೇಲ್.”

ನಕ್ಕಳು. ಮಾಡಿದ ಕೆಲಸಕ್ಕೆ ಆಧಾರವಿದೆ ಎಂಬ ಧೈರ್ಯದ ನಗು. ಪ್ರತಿ ಋತುವಿಗೂ ಒಂದು ಪುಸ್ತಕವಿದೆ, ಬರಹಗಾರ ಆಟದ ಹಾಳೆಗಳನ್ನು ನೋಡಿ ಅದರಲ್ಲಿ ಅಂದವಾಗಿ ನಕಲು ಮಾಡುತ್ತಿದ್ದ, ನಾಯಕನ ಹೆಸರಿನ ಮುಂದೆ ‘ಸಿ’ ಇರುತ್ತಿತ್ತು, ಅದನ್ನೇ ಎಣಿಸಿದೆ ಎಂದಳು.

“೬೬–೬೭ರ ಪುಸ್ತಕದಲ್ಲಿ ಎಪ್ಪತ್ತು ಪುಟ ಇದೆ ಮೇಷ್ಟ್ರೇ. ಒಂದರಲ್ಲೂ ‘ಸಿ’ ಇಲ್ಲ. ತಂಡದ ಫೋಟೋನೂ ನೋಡಿದೆ. ಅದರಲ್ಲೂ ಯಾರ ಎದೆ ಮೇಲೂ ಇಲ್ಲ.”

“ಫೋಟೋ ತೆಗೆದದ್ದು ಫೆಬ್ರವರಿಯಲ್ಲಿ ಕಣಮ್ಮಾ. ಅಷ್ಟೊತ್ತಿಗೆ ಕಿತ್ತಾಗಿತ್ತು.”

“ಸರಿ, ಪುಸ್ತಕ?”

“ಪೆನ್‌ಹ್ಯಾಲೊ ಮನೆಯವರು ತಿದ್ದಿಸಿದ್ದಾರೆ.”

“ತಿದ್ದಿದ ಗುರುತೇ ಇಲ್ವಲ್ಲ. ಕೆರೆದಿಲ್ಲ, ಒರೆಸಿಲ್ಲ. ತುಂಬಾ ಚೆಂದದ ಕೈಬರಹ. ಮುಂದಿನ ಮಂಗಳವಾರ ಬನ್ನಿ, ತೆಗೆದಿಟ್ಟಿರ್ತೀನಿ. ನೀವೇ ನೋಡಿ.”

“ಮೂಲ ಹಾಳೆಗಳು?”

“ಇಲ್ಲ. ಆ ವರ್ಷದ್ದು ಮಾತ್ರ ಇಲ್ಲ.”

ಆ ವರ್ಷದ್ದು ಮಾತ್ರ! ಮೂವತ್ಮೂರು ವರ್ಷ ಮಕ್ಕಳಿಗೆ ಕಲಿಸಿದ್ದು ಇದನ್ನೇ. ದಾಖಲೆ ಕಳೆದುಹೋಗಿದೆ ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಕಳೆದವರು ಯಾರು?

ಫೆಬ್ರವರಿ ೯, ಗುರುವಾರ

ಬೇಕರಿಯಲ್ಲಿ ಕಾಫಿಯ ಜೊತೆ ಏಲಕ್ಕಿಯ ಪುಲ್ಲಾ ಬ್ರೆಡ್ಡು, ಜೊತೆಗೆ ಡೆಸ್ಮಂಡ್ ಕೀಲನ ತಗಾದೆ. ಕಾಗದದ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವನು. ಹಾರ್ಲನ್ ಪೆನ್‌ಹ್ಯಾಲೊ ಆ ಮಿಲ್ಲಿನ ಮ್ಯಾನೇಜರೂ ಆಗಿದ್ದ, ತಂಡದ ಮಾಲೀಕನೂ ಆಗಿದ್ದ, ಶಾಲಾ ಮಂಡಳಿಯ ಅಧ್ಯಕ್ಷನೂ ಆಗಿದ್ದ. ಆ ಕಾಲದಲ್ಲಿ ಈ ಊರಿನಲ್ಲಿ ಸೀನಬೇಕಾದರೂ ಅವನತ್ತ ಒಮ್ಮೆ ನೋಡಬೇಕಿತ್ತು.

“ಬಿಡಪ್ಪಾ ಮೇಷ್ಟ್ರೇ, ಸತ್ತ ಕುದುರೆಗೆ ಯಾಕೆ ಚಾಟಿ,” ಎಂದ ಡೆಸ್ಮಂಡ್.

“ಕುದುರೆ ಸತ್ತಿಲ್ಲ. ನಾಲ್ಕು ಬೀದಿ ಆಚೆ ಸೇಂಟ್ ಆನ್ಸ್ ವೃದ್ಧಾಶ್ರಮದಲ್ಲಿ ಇಸ್ಪೀಟು ಆಡ್ತಿದೆ.”

“ಹಾಗಿದ್ರೆ ಅವನೇ ಬಂದು ಕೇಳ್ಲಿ. ನಿನಗ್ಯಾಕೆ ಉರಿ? ಆ ರಾತ್ರಿ ನೀನಿದ್ಯಾ?”

“ಇದ್ದೆ.”

“ಈ ಊರಲ್ಲಿ ಎಲ್ರೂ ಇದ್ರಂತೆ. ಎರಡು ಸಾವಿರ ಸೀಟು, ಎಂಟು ಸಾವಿರ ಸಾಕ್ಷಿ.”

ನಾನು ನಿಜವಾಗಿಯೂ ಇದ್ದೆ. ಬರೆದಿಡುತ್ತೇನೆ.

೧೯೬೭ರ ಜನವರಿ ೧೬, ಸೋಮವಾರದ ಆಟದಲ್ಲಿ ನಮ್ಮ ಗೋಲು ಕಾಯುವ ಗೋಲಿ ನೆಸ್ಟರ್ ಪಾವ್ಲಿಕನ ಎಡಗಣ್ಣಿಗೆ ಆಟದ ರಬ್ಬರ್ ಬಿಲ್ಲೆ, ಪಕ್, ಬಡಿಯಿತು. ಮುಖವಾಡ ಹಾಕುವವರನ್ನು ಆಗ ಹೇಡಿ ಎನ್ನುತ್ತಿದ್ದರು. ಕಣ್ಣು ಬೇಯಿಸಿದ ಬೀಟ್ರೂಟಿನ ಹಾಗಾಗಿತ್ತು. ಹದಿನೈದು ದಿನ ಕತ್ತಲೆ ಕೋಣೆ ಬಿಟ್ಟು ಏಳಕೂಡದು ಎಂದರು ಡಾಕ್ಟರು. ಬುಧವಾರದ ಆಟಕ್ಕೆ ಟಿಕೆಟು ಪೂರ್ತಿ ಮಾರಿಹೋಗಿದ್ದರಿಂದ ನೆಸ್ಟರನೇ ನಿಲ್ಲಬೇಕೆಂದ ಪೆನ್‌ಹ್ಯಾಲೊ. ತರಬೇತುದಾರ ತಲೆ ತಗ್ಗಿಸಿದ.

ಬುಧವಾರ ಸಂಜೆ ತಂಡ ಪೂರ್ತಿ ಲಾಕರ್ ರೂಮಿಗೆ ಬಂತು, ಬಟ್ಟೆ ಹಾಕಿತು, ಸ್ಕೇಟಿನ ದಾರ ಕಟ್ಟಿತು, ಬೆಂಚಿನಲ್ಲಿ ಕೂತಿತು. ಏಳಲಿಲ್ಲ. ಓವಿಲಾ ಬಾಗಿಲಿಗೆ ಬಂದು, ಗಂಟಲೆತ್ತರಿಸದೆ ಹೇಳಿದ: “ನೆಸ್ಟರ್ ಹೊರಗೆ ಬಂದ್ರೆ ನಾವು ಒಳಗೆ. ನೆಸ್ಟರ್ ಮನೆಗೆ ಹೋದ್ರೆ ನಾವು ಹೊರಗೆ.” ನಲವತ್ತು ನಿಮಿಷ ಎರಡು ಸಾವಿರ ಜನ ಕಾದರು. ಕೊನೆಗೆ ಅಗ್ನಿಶಾಮಕ ದಳದ ಒಬ್ಬನನ್ನು ಗೋಲಿನಲ್ಲಿ ನಿಲ್ಲಿಸಿ ಆಡಿದರು. ಮೂರು–ಎರಡರಿಂದ ಗೆದ್ದರು.

ನೆಸ್ಟರನ ಕಣ್ಣು ಉಳಿಯಿತು. ಮುಂದೆ ಅವನು ಕ್ಷೌರದಂಗಡಿ ಇಟ್ಟ. ನನ್ನ ಕೂದಲನ್ನು ಮೂವತ್ತು ವರ್ಷ ಅವನೇ ಕತ್ತರಿಸಿದ್ದು. ಹವೆಯ ಬಗ್ಗೆ ಬಿಟ್ಟು ಬೇರೆ ಮಾತಾಡಿದ ಮನುಷ್ಯನಲ್ಲ. ಎಲ್ಲರ ಜೊತೆಗೂ ಹಾಗೆಯೇ ಇದ್ದನೋ ಏನೋ.

ಮರುದಿನ ‘ಸಿ’ ಕಿತ್ತರು. ಇದು ಇತಿಹಾಸ. ಪತ್ರಿಕೆಗೆ ಕಾಗದ ಬರೆದು ಹಾಕಿದೆ.

ಫೆಬ್ರವರಿ ೧೪, ಮಂಗಳವಾರ

ಪುಸ್ತಕ ನೋಡಿದೆ. ಮಂಡಿ ನೋವು. ರಾತ್ರಿಗೆ ಬಟಾಣಿ ಸೂಪು ಬಿಸಿ ಮಾಡಿಕೊಂಡೆ, ಕುಡಿಯಲಿಲ್ಲ.

ಫೆಬ್ರವರಿ ೧೫, ಬುಧವಾರ

ಹಿಮ. ಬಾಗಿಲ ಮುಂದೆ ಎರಡು ಸಲ ಗೋರಿದೆ.

ಫೆಬ್ರವರಿ ೧೮, ಶನಿವಾರ

ಪತ್ರಿಕೆಯಲ್ಲಿ ನನ್ನ ಕಾಗದ ಬಂದಿದೆ. ‘ಪುಸ್ತಕವನ್ನು ತಿದ್ದಿದ ಕೈ ಯಾವುದು?’ ಎಂದು ಅದಕ್ಕೆ ತಲೆಬರಹ ಕೊಟ್ಟಿದ್ದಾರೆ. ನಾನು ಕೊಟ್ಟ ತಲೆಬರಹ ಅದಲ್ಲ ಎಂದುಕೊಂಡಿದ್ದೆ. ಕರಡು ತೆಗೆದು ನೋಡಿದರೆ ನಾನೇ ಕೊಟ್ಟದ್ದು.

ಬೇಕರಿಗೆ ಹೋಗಲಿಲ್ಲ.

ಫೆಬ್ರವರಿ ೨೦, ಸೋಮವಾರ

ಆ ಪುಸ್ತಕದ ವಿಷಯ ಸರಿಯಾಗಿ ಬರೆದಿಡಬೇಕು, ಇಲ್ಲದಿದ್ದರೆ ನಾಳೆ ಯಾರಾದರೂ ತಪ್ಪು ತಿಳಿಯುತ್ತಾರೆ.

ಆಟದ ಹಾಳೆಗಳನ್ನು ಋತುವಿನ ಮಧ್ಯದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಪುಸ್ತಕಕ್ಕೆ ನಕಲು ಮಾಡುವುದು ವಾಡಿಕೆ. ಎಲ್ಲ ಊರಿನಲ್ಲೂ ಇತ್ತು. ೧೯೬೭ರ ಜನವರಿ ೨೦ರ ಸಂಜೆ ಪೆನ್‌ಹ್ಯಾಲೊನ ಫೋನು ಬಂತು. ಸೋಮವಾರದೊಳಗೆ ಪುಸ್ತಕ ಸಿದ್ಧವಾಗಬೇಕು, ನಾಯಕನ ಅಂಕಣ ಖಾಲಿ ಇರಲಿ, ಹಾಳೆಗಳನ್ನು ಮಿಲ್ಲಿನ ಬಾಯ್ಲರ್ ಮನೆಗೆ ತಲುಪಿಸಬೇಕು ಎಂದು ಸೂಚನೆ. ಶನಿವಾರ, ಭಾನುವಾರ ಅಡಿಗೆಮನೆಯ ಮೇಜಿನಲ್ಲಿ ಮೂವತ್ತೊಂಬತ್ತು ಆಟಗಳ ನಕಲು ನಡೆಯಿತು. ನೀಲಿ ಮಸಿ, ಒಂದೇ ಪೆನ್ನು. ಅಂಕಣವನ್ನು ಖಾಲಿ ಬಿಡಲಾಯಿತು. ಹಾಳೆಗಳನ್ನು ತಲುಪಿಸಲಾಯಿತು.

ನನ್ನ ಹೆಂಡತಿ ಹಿಲ್ಕಾ ಆಗ ತುಂಬು ಗರ್ಭಿಣಿ. ಕುದಿಯುವ ಪಾತ್ರೆ ಇಡುವುದಕ್ಕೆ ಬಂದವಳು ಪುಟ ನೋಡಿ, “ಓವಿಲಾನ ಮುಂದೆ ಏನೂ ಇಲ್ವಲ್ಲಾ,” ಎಂದಳು. ನಾನು ಏನು ಹೇಳಿದೆನೋ ನೆನಪಿಲ್ಲ.

ನಕಲು ಮಾಡುವವನು ನಕಲು ಮಾಡುವವನಷ್ಟೇ. ಆದೇಶ ಕೊಟ್ಟವನ ಹೆಸರು ಪೆನ್‌ಹ್ಯಾಲೊ. ಶಾಲೆಯ ನೌಕರಿ ಫೆಬ್ರವರಿ ೬ಕ್ಕೆ ಖಾಯಂ ಆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ನನ್ನ ಪದವಿ ಇತ್ತು. ನನಗಿಂತ ಹೆಚ್ಚು ಓದಿದವರು ಆಗ ಈ ಊರಿನಲ್ಲಿ ಇಬ್ಬರೂ ಇರಲಿಲ್ಲ.

ಇನ್ನೊಮ್ಮೆ ಓದಿದೆ. ‘ಬಿಡಲಾಯಿತು’, ‘ತಲುಪಿಸಲಾಯಿತು’. ಯಾವ ವಿದ್ಯಾರ್ಥಿಯಾದರೂ ಹೀಗೆ ಬರೆದಿದ್ದರೆ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ‘ಯಾರು?’ ಎಂದು ಬರೆಯುತ್ತಿದ್ದೆ.

ಫೆಬ್ರವರಿ ೨೨, ಬುಧವಾರ

ಸೇಂಟ್ ಆನ್ಸ್‌ಗೆ ಹೋದೆ. ಕಿಟಕಿ ಪಕ್ಕ ಇಸ್ಪೀಟು ಹರಡಿ, ಪುಟ್ಟ ಹಲಗೆಯ ತೂತುಗಳಲ್ಲಿ ಕಡ್ಡಿ ಚುಚ್ಚಿ ಅಂಕ ಎಣಿಸುತ್ತಾ ಓವಿಲಾ ಒಬ್ಬನೇ ಆಡುತ್ತಿದ್ದ. ಎಪ್ಪತ್ತೆಂಟು. ಭುಜಗಳು ಹಾಗೇ ಇವೆ, ಕುತ್ತಿಗೆ ಮಾತ್ರ ಅವುಗಳ ನಡುವೆ ಇಳಿದುಹೋಗಿದೆ.

“ಬಾರೋ ಪೆನ್ಸಿಲ್,” ಎಂದ. ಆ ದಿನಗಳಲ್ಲಿ ಹುಡುಗರು ನನಗಿಟ್ಟ ಹೆಸರು, ಅಷ್ಟು ತೆಳ್ಳಗಿದ್ದೆ. “ನಾಲ್ಕು ಬೀದಿ ದಾಟೋಕೆ ಐವತ್ತು ವರ್ಷ ತಗೊಂಡ್ಯಲ್ಲೋ. ಮಂಡಿ ಸರಿಯಿಲ್ವಾ?”

“ಮಂಡಿ ಸರಿಯಿಲ್ಲ.”

“ಕೂತ್ಕೋ. ಪೇಪರಲ್ಲಿ ಬಂದದ್ದು ಕೇಳ್ದೆ. ನಮ್ಮ ನರ್ಸ್ ಜಾನೀನ್ ಓದಿ ಹೇಳಿದ್ಳು. ಚೆನ್ನಾಗಿ ಬೈದಿದ್ದೀಯ. ಆದ್ರೆ ಒಂದು ಕಡೆ ನಗು ಬಂತು.”

“ಎಲ್ಲಿ?”

“ಪುಸ್ತಕ ತಿದ್ದಿದ ಕೈ ಯಾವುದು ಅಂತ ಕೇಳಿದ್ದೆ ನೋಡು, ಅಲ್ಲಿ.”

ಇಸ್ಪೀಟು ಕಲಸಿದ, ನನಗೂ ಆರು ಎಲೆ ಹಂಚಿದ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದೆ.

“ಬಾಯ್ಲರ್ ಮನೇಲಿ ನಮ್ಮಣ್ಣ ಕೆಲಸ ಮಾಡ್ತಿದ್ದ. ಸೋಮವಾರ ಮಧ್ಯಾಹ್ನಕ್ಕೇ ಗೊತ್ತಿತ್ತು. ನೆಸ್ಟರ್‌ಗೂ ಗೊತ್ತಿತ್ತು. ಕತ್ತಿ ಕೈಲಿಟ್ಕೊಂಡು ಮೂವತ್ತು ವರ್ಷ ನಿನ್ನ ಕುತ್ತಿಗೆ ಹಿಂದೆ ನಿಂತಿದ್ದ. ಪುಣ್ಯ ಮಾಡಿದ್ದೆ.”

ಅವನ ಜೊತೆ ನಕ್ಕೆ. ನಗು ಅರ್ಧಕ್ಕೇ ನಿಂತಿತು.

“ಮೂವತ್ತೊಂಬತ್ತು ಆಟ ನಿನಗೆ ವಾಪಸ್ ಬರಬೇಕು ಓವಿಲಾ. ೨೪೩. ದಾಖಲೆ ನಿನ್ನದು.”

“ದಾಖಲೆ ಆ ವಯ್ಟೋವಿಚ್ ಹುಡುಗ ಇಟ್ಕೊಳ್ಳಲಿ. ಏಪ್ರಿಲ್ ಬರೋಷ್ಟೊತ್ತಿಗೆ ಹೇಗೂ ೨೪೩ ದಾಟ್ತಾನೆ, ಕಾಲು ಚೆನ್ನಾಗಿದೆ ಅವನಿಗೆ. ನನ್ನ ಮಾತು ಕೇಳು. ನೀನು ಮೊದಲನೇ ಅರ್ಧ ಮಾತ್ರ ಕಾಗದದಲ್ಲಿ ಬರೆದಿದ್ದೀಯ. ಆಮೇಲಿಂದು?”

“ಆಮೇಲೆ ನಾಯಕ ಇರಲಿಲ್ಲ.”

“ಯಾಕಿರಲಿಲ್ಲ?”

ಉತ್ತರ ನನಗೆ ಗೊತ್ತಿತ್ತು. ಐವತ್ತು ವರ್ಷ ಅದರ ಪಕ್ಕದಲ್ಲೇ ಓಡಾಡಿದ್ದೇನೆ.

“ಆ ‘ಸಿ’ ಬಟ್ಟೆ ತುಂಡನ್ನ ಪೆನ್‌ಹ್ಯಾಲೊ ಕೈಲಿ ಹಿಡ್ಕೊಂಡು ಬಂದ,” ಎಂದ ಓವಿಲಾ. “ಮೊದ್ಲು ಲೂಸಿಯೆನ್ ಪ್ರೂಗೆ ಕೊಟ್ಟ. ನನ್ನ ಎದೆ ಚಿಕ್ಕದು ಸಾರ್, ಹಿಡಿಸಲ್ಲ ಅಂದ. ಆಂಗಸ್‌ಗೆ ಕೊಟ್ಟ. ಟೌನೊ ಕೈಲಾಗೆ ಕೊಟ್ಟ, ಅವನು ಫಿನ್ನಿಷ್‌ನಲ್ಲಿ ಅದೇನೋ ಅಂದ, ನಿನಗೇ ಅರ್ಥ ಆಗ್ಬೇಕು. ಬೋಯ್ಚುಕ್, ಡೆಲ್‌ಮಾಂಟೆ, ಶೆನಾರ್. ಆರು ಜನ. ಕೊನೆಗೆ ಕೋಪ ನೆತ್ತಿಗೇರಿ, ಕತ್ತಲೆ ಕೋಣೆಗೇ ನುಗ್ಗಿ ನೆಸ್ಟರ್‌ಗೇ ಕೊಡೋಕೆ ಹೋದ! ಗೋಲಿ ನಾಯಕ ಆಗೋ ಹಾಗಿಲ್ಲ ಅನ್ನೋ ನಿಯಮ ತಂಡದ ಮಾಲೀಕನಿಗೇ ಗೊತ್ತಿಲ್ಲ. ಆ ಕಣ್ಣು ಕಟ್ಟಿದ ನೆಸ್ಟರ್ ಹಾಸಿಗೇಲಿ ಎದ್ದು ಕೂತು ಹೇಳಿದ, ಸಾರ್, ನಂಗೆ ಅರ್ಧ ಕಾಣ್ಸುತ್ತೆ, ಆದ್ರೂ ನಿಯಮ ಓದ್ಕೊಂಡಿದ್ದೀನಿ ಅಂತ.”

ಕೆಮ್ಮುವವರೆಗೂ ನಕ್ಕ. ಉಪನಾಯಕರಿಬ್ಬರೂ ಅದೇ ಸಂಜೆ ತಮ್ಮ ಎದೆಯ ‘ಎ’ ಅಕ್ಷರಗಳನ್ನು ತಾವೇ ಬಿಡಿಸಿಕೊಂಡರು. ಎದೆಯ ಮೇಲೆ ಅಕ್ಷರವಿಲ್ಲದವನು ರೆಫರಿಯೊಡನೆ ಮಾತಾಡುವ ಹಾಗಿಲ್ಲ. ಹಾಗಾಗಿ ಮೂವತ್ತೊಂದು ಆಟ ಹೆರನ್ಸ್ ತಂಡ ರೆಫರಿಗೆ ಒಂದು ಮಾತೂ ಆಡಲಿಲ್ಲ. ಫೆಬ್ರವರಿ ೪ರಂದು ಕಣ್ಣೆದುರೇ ನ್ಯಾಯವಾದ ಗೋಲನ್ನು ಅವನು ಅಲ್ಲಗಳೆದಾಗ ಆರು ಜನ ಅವನೆದುರು ಸಾಲಾಗಿ ನಿಂತರು, ಬಾಯಿ ಬಿಡಲಿಲ್ಲ. ಮೊದಲು ಬೊಬ್ಬೆ ಹೊಡೆದ ಜನ ಕ್ರಮೇಣ ಸುಮ್ಮನಾದರು. ಎರಡು ಸಾವಿರ ಜನ ಸುಮ್ಮನಿರುವುದನ್ನು ಕೇಳಿದ್ದೇನೆ. ನನ್ನ ಪೆನ್ನು ಕಾಗದಕ್ಕೆ ತಾಗುವ ಸದ್ದು ಕೂಡ ಕೇಳುತ್ತಿತ್ತು.

“ಅದನ್ನ ಬರಿ,” ಎಂದ. “ನನ್ನ ಹೆಸರು ಹಾಕಿದ್ರೆ ಹಾಕು, ಬಿಟ್ರೆ ಬಿಡು. ಅವರು ಬೇಡ ಅಂದ್ರಲ್ಲ, ಅದನ್ನ ಬರಿ. ಈಗ ಎಲೆ ಹಾಕು, ಆಟ ನಿಂದು.”

ಸೋತೆ. ಎರಡು ಸಲ.

ಫೆಬ್ರವರಿ ೨೪, ಶುಕ್ರವಾರ

ಬ್ರೆನಾಳನ್ನು ಕೇಳಿ ಪುಸ್ತಕವನ್ನು ಮತ್ತೆ ತೆಗೆಸಿದೆ. ಮೊದಲ ಮೂವತ್ತೊಂಬತ್ತು ಪುಟದಲ್ಲಿ ನಾಯಕನ ಅಂಕಣ ಖಾಲಿ. ನಂತರದ ಮೂವತ್ತೊಂದರಲ್ಲೂ ಖಾಲಿ. ಎರಡೂ ನನ್ನ ಕೈಬರಹ. ಮೊದಲನೆಯ ಖಾಲಿ ಸುಳ್ಳು, ಎರಡನೆಯದು ಈ ತಂಡದ ಚರಿತ್ರೆಯಲ್ಲೇ ಅತ್ಯಂತ ನಿಜವಾದ ಬರಹ. ನೋಡುವವನಿಗೆ ಒಂದೇ ಥರ ಕಾಣುತ್ತವೆ. ನಾನು ಮಾಡಿದ ಅನ್ಯಾಯ ಅದು. ಒಂದು ಹೆಸರನ್ನು ಅಳಿಸಲು ಹೋಗಿ ಆ ಏಳು ಜನರ ಮಾತನ್ನೂ ಅಳಿಸಿದೆ.

ಬ್ರೆನಾಳಿಗೆ ಹೇಳಿದೆ. “ಈ ಚೆಂದದ ಕೈಬರಹ ನನ್ನದಮ್ಮಾ.”

ಅವಳು ಒಂದು ಪುಟ ತಿರುವಿ ಬೆರಳಿಟ್ಟಳು. “ನಂಗೆ ಅವತ್ತೇ ಅನ್ಸಿತ್ತು ಮೇಷ್ಟ್ರೇ. ಪರೀಕ್ಷೆ ಪೇಪರಲ್ಲಿ ‘ಯಾರು?’ ಅಂತ ಬರೀತಿದ್ರಲ್ಲ, ಅದೇ ಯ. ನೀವೇ ಹೇಳ್ತೀರಾ ಅಂತ ಕಾಯ್ತಿದ್ದೆ.”

“ಫೇಲಾದವಳು ನೀನಲ್ಲ, ಹಾಗಾದ್ರೆ.”

“ಅದು ಬಿಡಿ. ಈಗೇನು ಮಾಡೋದು?”

ಫೆಬ್ರವರಿ ೨೭, ಸೋಮವಾರ

ಗ್ರಾಂಟ್ ಪೆನ್‌ಹ್ಯಾಲೊನೇ ಫೋನು ಮಾಡಿದ. ಅವನ ಅಜ್ಜನ ದನಿ ಕಲ್ಲು, ಇವನದು ಬೆಣ್ಣೆ.

“ಸಾಲ್ಮಿ ಸಾರ್, ಬ್ರೆನಾ ಎಲ್ಲಾ ಹೇಳಿದ್ಳು. ನಿಮ್ಮ ಪ್ರಾಮಾಣಿಕತೆ ದೊಡ್ಡದು. ಆದ್ರೆ ಯೋಚನೆ ಮಾಡಿ. ಪುಸ್ತಕ ಸುಳ್ಳು ಅಂತೀರಿ. ಬರೆದವರು ನೀವು ಅಂತೀರಿ. ಅಂದ್ರೆ ಸುಳ್ಳು ಬರೆದೋರು ನೀವು ಅಂತಾಯ್ತು. ಸುಳ್ಳು ಬರೆದೋರ ಮಾತು ನಂಬಿ ಹಿತ್ತಾಳೆಯಲ್ಲಿ ಹೇಗೆ ಕೆತ್ತಿಸ್ಲಿ?”

ಒಪ್ಪಬೇಕು, ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಇಡೀ ಸಂಜೆ ಸೌನಾದ ಉಗಿಕೋಣೆಯಲ್ಲಿ ಕೂತು ಅದನ್ನೇ ಯೋಚಿಸಿದೆ. ಮೂರನೆಯ ಚೊಂಬು ನೀರು ಕಲ್ಲಿನ ಮೇಲೆ ಹೊಯ್ಯುವಾಗ ಹೊಳೆಯಿತು. ಹೊಳೆಯಿತು ಎಂದರೆ ಸುಳ್ಳಾದೀತು. ಗೊತ್ತೇ ಇತ್ತು, ಅತ್ತ ನೋಡಿರಲಿಲ್ಲ.

ಆಟದ ಹಾಳೆ ಒಂದಲ್ಲ. ಕೆಳಗೆ ಕಾರ್ಬನ್ ಇಟ್ಟು ಬರೆಯುತ್ತಿದ್ದೆ. ಬಿಳಿಯದು ನಮಗೆ, ಹಳದಿಯದು ಆಡಲು ಬಂದ ಊರಿನವರಿಗೆ. ಹಾರ್ಲನ್ ಪೆನ್‌ಹ್ಯಾಲೊ ಬಿಳಿಯದನ್ನು ಮಾತ್ರ ಸುಟ್ಟ. ತಂಡದ ಮಾಲೀಕ, ಆದರೆ ಒಂದು ದಿನವೂ ಬರಹಗಾರನ ಮೇಜಿಗೆ ಬಂದು ಕೂತವನಲ್ಲ.

ಮಾರ್ಚ್ ೬, ಸೋಮವಾರ

ಕಿಂಗ್‌ಫಿಶರ್ ಕೊಲ್ಲಿಯ ಹಳೆಯ ಬರಹಗಾರನ ಮಗಳಿಗೆ ಕಳೆದ ಮಂಗಳವಾರ ಫೋನು ಮಾಡಿದ್ದೆ. ಆ ಊರಿನವರು ನಮ್ಮ ಬದ್ಧ ವೈರಿಗಳು.

“ಹೆರನ್ಸ್‌ನೋರಾ?” ಎಂದಿದ್ದಳು. “ನಮ್ಮಪ್ಪ ಸಾಯೋವರೆಗೂ ನಿಮ್ಮನ್ನ ಬೈದ. ಆದ್ರೆ ನಿಮ್ಮ ಹಾಳೆ ಒಂದೂ ಎಸೆದಿಲ್ಲ. ನೀವು ಮೋಸ ಮಾಡಿದ್ದು ಮುಂದೊಂದು ದಿನ ತೋರಿಸ್ಬೇಕು ಅಂತ ಇಟ್ಟಿದ್ದ.”

“ತೋರಿಸೋ ದಿನ ಬಂದಿದೆ ಕಣಮ್ಮಾ. ಕಳಿಸು.”

ಇವತ್ತು ಲಕೋಟೆ ಬಂತು. ಐದು ಹಳದಿ ಹಾಳೆ, ಅಂಚು ಬಿರುಕು ಬಿಟ್ಟಿವೆ. ಐದರಲ್ಲೂ ಇಪ್ಪತ್ತೈದು ವರ್ಷದ ನನ್ನ ಕೈ ಬರೆದಿದೆ: ೬, ಗ್ರಾನ್‌ಬ್ವಾ, ಸಿ. ಕೆಳಗೆ ರೆಫರಿಯ ಸಹಿ, ಅದರ ಕೆಳಗೆ ನನ್ನದು.

ಐದನೆಯದು ಜನವರಿ ೧೮ರದ್ದು. ಆವತ್ತು ಆಡಲು ಬಂದಿದ್ದವರು ಇವರೇ. ‘ಆಟ ನಲವತ್ತು ನಿಮಿಷ ತಡವಾಗಿ ಆರಂಭ, ಹೆರನ್ಸ್ ನಾಯಕನ ಕೋರಿಕೆಯ ಮೇರೆಗೆ’ ಎಂದು ಟಿಪ್ಪಣಿ ಹಾಕಿದ್ದೇನೆ. ಕೋರಿಕೆಯಂತೆ! ಆ ಹುಡುಗ ಹೆದರಿರಲಿಲ್ಲ. ಹೆದರಿದವನು ಎರಡು ದಿನದ ನಂತರ ಫೋನು ಎತ್ತಿದವನು.

ಗ್ರಾಂಟ್‌ಗೆ ತೋರಿಸಿದೆ. ಬೇಸಿಗೆಯಲ್ಲಿ ಸಮಿತಿ ಮಾಡೋಣ ಎಂದ. ಹಲಗೆ ಆಗಲೇ ಕೆತ್ತಿಸಿ ಆಗಿದೆಯಂತೆ, ಬ್ಯಾನರ್ ಕೂಡ. ನಾಲ್ಕು ವಾರ ಕಾದರೆ ವಯ್ಟೋವಿಚ್ ೨೪೩ನ್ನೂ ನಿಜವಾಗಿ ದಾಟುತ್ತಾನೆ, ಆಗ ಹಬ್ಬ ಮಾಡಿ ಎಂದೆ. “ಬ್ಯಾಂಡಿನವರು ಆ ತಾರೀಖಿಗೆ ಸಿಗಲ್ಲ ಸಾರ್,” ಎಂದ.

ಮಾರ್ಚ್ ೮, ಬುಧವಾರ

ಬಾಗಿಲು ತಟ್ಟಿದ್ದು ಕೋಲ್ ವಯ್ಟೋವಿಚ್. ಮುಂದಿನ ಎರಡು ಹಲ್ಲಿಲ್ಲ, ಟೋಪಿ ಕೈಯಲ್ಲಿ. ಬ್ರೆನಾ ಹೇಳಿ ಕಳಿಸಿದಳಂತೆ. ಮುಖ ಗಂಟಿಕ್ಕಿತ್ತು.

“ನೀವು ನನ್ನ ಹಬ್ಬ ಹಾಳು ಮಾಡ್ತಿದ್ದೀರಿ, ಮೇಷ್ಟ್ರೇ.”

“ಹೌದು.”

“ಅಷ್ಟೇನಾ? ಸಾರಿ ಗೀರಿ ಏನೂ ಇಲ್ವಾ?”

“ಸಾರಿ ಕೇಳಬೇಕಾದವರ ಪಟ್ಟಿ ಉದ್ದ ಇದೆ. ನೀನು ಕೊನೇಲಿದ್ದೀಯ.”

ಕಾಫಿ ಕೊಟ್ಟೆ. ಹಳದಿ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ, ಅದೇ ಮೇಜು. ನಿಧಾನವಾಗಿ ಓದಿದ. ಏಳು ಜನರ ಕಥೆ ಹೇಳಿದಾಗ ಲೋಟ ಕೆಳಗಿಟ್ಟ.

“ಮೂವತ್ತೊಂದು ಆಟ ರೆಫರಿ ಹತ್ರ ಮಾತಾಡ್ಲೇ ಇಲ್ವಾ? ನಂಗೆ ಮೂವತ್ತೊಂದು ಸೆಕೆಂಡ್ ಆಗಲ್ಲ.” ಹಾಳೆಯ ‘ಸಿ’ ಮೇಲೆ ಬೆರಳಿಟ್ಟ. “ನನ್ನ ೨೩೨ ಆಟ ನನ್ನದೇ. ಅದನ್ನ ಯಾರಿಗೂ ಬಿಟ್ಕೊಡಲ್ಲ.”

“ಬಿಡಬೇಡ.”

“ಆದ್ರೆ ಇನ್ನೊಬ್ಬನ ಬೆನ್ನ ಮೇಲೆ ಕಾಲಿಟ್ಟು ದಾಖಲೆ ಅಂತ ಕರೆಯೋದು ನಂಗೆ ಬೇಡ. ಶನಿವಾರ ಪಕ್ ಬಿದ್ದು ಆಟ ಶುರುವಾಗೋ ಮುಂಚೆ ನಂಗೆ ಎರಡು ನಿಮಿಷ ಮೈಕ್ ಕೊಡ್ತಾರೆ. ಧನ್ಯವಾದ ಹೇಳೋಕೆ. ಏನಾದ್ರೂ ಬರೆದುಕೊಡಿ. ಓದ್ತೀನಿ ಅಂತ ಮಾತು ಕೊಡಲ್ಲ.”

“ಓದಿದ್ರೆ ನಿನ್ನ ಅಕ್ಷರ ಹೋಗಬಹುದು.”

“ಹೋದ್ರೆ,” ಎಂದು ಆ ಹಲ್ಲಿಲ್ಲದ ಜಾಗ ತೋರಿಸಿ ನಕ್ಕ, “ಲಾಕರ್ ರೂಮಲ್ಲಿ ಇಪ್ಪತ್ತು ಜನ ಇದ್ದಾರೆ. ಬೇರೆ ಯಾರು ತಗೋತಾರೆ ನೋಡೋಣ.”

ಮಾರ್ಚ್ ೧೧, ಶನಿವಾರ

ಬೆಳಿಗ್ಗೆಯಿಂದ ಬರೆದು ಹರಿದು ಈಗ ಮುಗಿಸಿದೆ. ಒಂದು ಪ್ರತಿ ಕೋಲ್‌ಗೆ, ಒಂದು ಬ್ರೆನಾಳಿಗೆ, ಒಂದು ಪತ್ರಿಕೆಗೆ. ಇನ್ನೊಂದು ಇಲ್ಲಿರಲಿ. ಮಸಿ ನೀಲಿಯೇ, ಮನೆಯಲ್ಲಿ ಬೇರೆ ಇರಲಿಲ್ಲ. ಓವಿಲಾನನ್ನು ನಾಲ್ಕು ಗಂಟೆಗೆ ಗಾಲಿ ಕುರ್ಚಿಯಲ್ಲಿ ಕರೆದುಕೊಂಡು ಹೋಗಬೇಕು. ಟೈ ಕಟ್ಟಿಕೊಂಡು ಬಾ ಪೆನ್ಸಿಲ್, ಊರೆಲ್ಲಾ ನಿನಗೆ ಬೈಯೋವಾಗ ಚೆನ್ನಾಗಿ ಕಾಣ್ಬೇಕು ಎಂದಿದ್ದಾನೆ.

ಕೋಲ್‌ಗೆ ಕೊಟ್ಟದ್ದು ಇದು:

‘೧೯೬೬–೬೭ರ ಋತುವಿನಲ್ಲಿ ಓವಿಲಾ ಗ್ರಾನ್‌ಬ್ವಾ ಮೂವತ್ತೊಂಬತ್ತು ಆಟಕ್ಕೆ ಈ ತಂಡದ ನಾಯಕರಾಗಿದ್ದರು. ಗೆಳೆಯನ ಕಣ್ಣು ಉಳಿಸಿದ್ದಕ್ಕೆ ಜನವರಿ ೧೯ರಂದು ಅವರ ಎದೆಯ ಅಕ್ಷರವನ್ನು ಕಿತ್ತರು. ಜನವರಿ ೨೧ ಮತ್ತು ೨೨ರಂದು ಅವರ ಹೆಸರಿನ ಮುಂದಿನ ಅಕ್ಷರವನ್ನು ಪುಸ್ತಕದಿಂದ ಬಿಟ್ಟವನು ನಾನು, ಎಸ್ಕೊ ಸಾಲ್ಮಿ. ನನ್ನನ್ನು ಯಾರೂ ಹೊಡೆಯಲಿಲ್ಲ. ಫೋನಿನಲ್ಲಿ ಹೇಳಿದರು, ಬರೆದೆ. ಮೂಲ ಹಾಳೆಗಳನ್ನು ಬಾಯ್ಲರ್ ಮನೆಗೆ ಹೊತ್ತುಕೊಂಡು ಹೋದವನೂ ನಾನೇ. ಎರಡು ವಾರಕ್ಕೆ ನನಗೆ ಮೇಷ್ಟ್ರ ಕೆಲಸ ಖಾಯಂ ಆಯಿತು. ಈ ಊರಿನ ಅರ್ಧ ಜನಕ್ಕೆ ಇತಿಹಾಸ ಕಲಿಸಿದ್ದು ಆ ಕೈ.

‘ಲೂಸಿಯೆನ್ ಪ್ರೂ, ಆಂಗಸ್ ಮೆಕ್‌ಆಸ್ಕಿಲ್, ಟೌನೊ ಕೈಲಾ, ಸ್ಟೀಫನ್ ಬೋಯ್ಚುಕ್, ರೇ ಡೆಲ್‌ಮಾಂಟೆ, ಹ್ಯೂಬರ್ಟ್ ಶೆನಾರ್, ನೆಸ್ಟರ್ ಪಾವ್ಲಿಕ್. ಆ ಅಕ್ಷರವನ್ನು ಕೈಗೆ ಕೊಟ್ಟಾಗ ಬೇಡವೆಂದವರು ಇವರು. ಮುಂದಿನ ಮೂವತ್ತೊಂದು ಆಟ ಈ ತಂಡಕ್ಕೆ ನಾಯಕನಿರಲಿಲ್ಲ. ನಿಮ್ಮ ಹಲಗೆ ಹೇಳುವ “ನಾಯಕನಿಲ್ಲ” ಎಂಬ ಪದ ಅಲ್ಲಿಗೆ ಮಾತ್ರ ಸಲ್ಲುತ್ತದೆ. ಅಲ್ಲಿ ಅದನ್ನು ಎಲ್ಲ ಹೆಸರುಗಳಿಗಿಂತ ದೊಡ್ಡದಾಗಿ ಕೆತ್ತಿಸಬೇಕು.

‘ನನ್ನ ಪಾಲಿನ ಉತ್ತರ ಕೊಟ್ಟಿದ್ದೇನೆ, ಎರಡು ಸಾವಿರ ಜನರ ಎದುರು, ಹೆಸರು ಹೇಳಿ. ಅಧ್ಯಕ್ಷ ಗ್ರಾಂಟ್ ಪೆನ್‌ಹ್ಯಾಲೊ ಅವರೇ, ಈಗ ನಿಮ್ಮದು. ಬೇಸಿಗೆಯ ಸಮಿತಿ ಬೇಡ. ನನ್ನ ಮನೆಗೆ ಫೋನು ಬೇಡ, ಈ ಊರಿನ ಫೋನುಗಳು ಏನು ಮಾಡುತ್ತವೆಂದು ನನಗೆ ಗೊತ್ತು. ಐದು ಹಳದಿ ಹಾಳೆಗಳು ಬರಹಗಾರನ ಮೇಜಿನ ಮೇಲಿವೆ. ಮೊದಲನೆಯ ಸಾಲಿನಲ್ಲಿ, ಗಾಲಿ ಕುರ್ಚಿಯಲ್ಲಿ ಒಬ್ಬರು ಕೂತಿದ್ದಾರೆ. ಪಕ್ ಬೀಳುವುದಕ್ಕೆ ಮೊದಲು ಕೆಳಗಿಳಿದು ಬನ್ನಿ, ಇದೇ ಮೈಕು ಹಿಡಿಯಿರಿ, ಅವರ ಮುಖ ನೋಡಿ ಹೇಳಿ: ೧೯೬೭ರ ಜನವರಿ ೧೮ರಂದು ಈ ತಂಡದ ನಾಯಕ ಯಾರು?’